ಜಿಡಿಪಿ ಏರುತ್ತದೆ, ಸಾಲವೂ ಏರುತ್ತದೆ: ಚೀನಾದ ನಗರಗಳ ವಾರ್ಷಿಕ ಲೆಕ್ಕ ಓದುವುದು ಹೇಗೆ?

ಜನವರಿ ಬಂತೆಂದರೆ ಚೀನಾದ ನಗರಗಳು ಒಂದರ ಹಿಂದೆ ಒಂದು ತಮ್ಮ ಹಿಂದಿನ ವರ್ಷದ ಲೆಕ್ಕ ಹೊರಹಾಕುತ್ತವೆ. ಜಿಡಿಪಿ ಎಷ್ಟು ಬೆಳೆಯಿತು, ರಸ್ತೆ, ಸೇತುವೆ, ಮೆಟ್ರೊಗೆ ಎಷ್ಟು ಸುರಿದೆವು, ಹೊಸ ವರ್ಷದ ಗುರಿ ಏನು ಎಂದು ಹೇಳುತ್ತವೆ. ಈ ಅಂಕಿಗಳು ನಮ್ಮಲ್ಲೂ ಸುದ್ದಿಯಾಗುತ್ತವೆ. ಆದರೆ ಎರಡು ಸುದ್ದಿಗಳನ್ನು ಪಕ್ಕ ಪಕ್ಕ ಇಟ್ಟು ಓದಿದರೆ ತಲೆ ಕೆಡುತ್ತದೆ.

2024ರ ಲೆಕ್ಕವನ್ನೇ ನೋಡಿ. ಜಿಡಿಪಿಯಲ್ಲಿ ಶಾಂಘೈ, ಬೀಜಿಂಗ್, ಶೆನ್‌ಝೆನ್ ನಂತರದ ನಾಲ್ಕನೇ ಸ್ಥಾನ ಚಾಂಗ್‌ಚಿಂಗ್ ಪಾಲಾಯಿತು. ಗುವಾಂಗ್‌ಝೌ ಐದನೇ ಸ್ಥಾನಕ್ಕೆ ಜಾರಿತು. ಚಾಂಗ್‌ಚಿಂಗ್ ಶೇ 5.7ರಷ್ಟು ಬೆಳೆದು ಸುಮಾರು 3.22 ಲಕ್ಷ ಕೋಟಿ ಯುವಾನ್ ತಲುಪಿತ್ತು. ಗುವಾಂಗ್‌ಝೌ ಬೆಳೆದದ್ದು ಶೇ 2.1 ಮಾತ್ರ. ಅದರ ಜಿಡಿಪಿ ಸುಮಾರು 3.1 ಲಕ್ಷ ಕೋಟಿಯಲ್ಲಿ ನಿಂತಿತು.

ವಿಚಿತ್ರ ಏನೆಂದರೆ, ಇದೇ ಚಾಂಗ್‌ಚಿಂಗ್ ಕೇಂದ್ರ ಸರ್ಕಾರದ 'ಹೆಚ್ಚು ಸಾಲದ ಅಪಾಯ ಇರುವ' 12 ಪ್ರದೇಶಗಳ ಪಟ್ಟಿಯಲ್ಲೂ ಇತ್ತು. ಈ 12 ಪ್ರದೇಶಗಳು ಹೊಸ ಮೂಲಸೌಕರ್ಯ ಯೋಜನೆಗಳನ್ನು ನಿಲ್ಲಿಸಬೇಕು ಅಥವಾ ಮುಂದಕ್ಕೆ ಹಾಕಬೇಕು ಎಂದು 2023ರ ಕೊನೆಯಲ್ಲಿ ಸೂಚನೆ ಹೋಗಿತ್ತು. ಗುವಾಂಗ್‌ಝೌ ಆ ಪಟ್ಟಿಯಲ್ಲಿ ಇರಲಿಲ್ಲ. ಅಂದರೆ ಖರ್ಚಿಗೆ ಕಡಿವಾಣ ಬಿದ್ದ ನಗರವೇ ಜಾಸ್ತಿ ಬೆಳೆಯಿತು!

ಇಲ್ಲಿ ಲೆಕ್ಕ ತಪ್ಪಿಲ್ಲ. ನಾವು ಒಂದೇ ಎಂದುಕೊಂಡು ಓದುವ ಮೂರು ಸಂಗತಿಗಳು ಬೇರೆ ಬೇರೆ. ನಗರ ಆ ವರ್ಷ ಏನನ್ನು ಉತ್ಪಾದಿಸಿತು ಎನ್ನುವುದು ಒಂದು, ಏನು ಕಟ್ಟಿಸಿತು ಎನ್ನುವುದು ಇನ್ನೊಂದು, ಅದಕ್ಕೆ ದುಡ್ಡು ಎಲ್ಲಿಂದ ಬಂತು ಎನ್ನುವುದು ಮೂರನೆಯದು. ಜನವರಿಯ ವರದಿಗಳಲ್ಲಿ ಮೊದಲ ಎರಡು ದೊಡ್ಡ ಅಕ್ಷರದಲ್ಲಿ ಇರುತ್ತವೆ. ಮೂರನೆಯದನ್ನು ಹುಡುಕಿ ಓದಬೇಕು.

ಸೇತುವೆ ಕಟ್ಟಿದರೆ ಜಿಡಿಪಿ ಏರುವುದು ಹೇಗೆ

ಒಂದು ಕುಟುಂಬ ಸಾಲ ಮಾಡಿ ಮನೆ ಕಟ್ಟಿಸುತ್ತದೆ ಎಂದುಕೊಳ್ಳಿ. ಆ ವರ್ಷ ಮೇಸ್ತ್ರಿಗೆ ಕೂಲಿ ಸಿಗುತ್ತದೆ. ಸಿಮೆಂಟ್, ಕಬ್ಬಿಣ ಮಾರಿದವರಿಗೆ ವ್ಯಾಪಾರ ಆಗುತ್ತದೆ. ಅದೆಲ್ಲವೂ ಆ ವರ್ಷದ ಉತ್ಪನ್ನದ ಲೆಕ್ಕಕ್ಕೆ ಸೇರುತ್ತದೆ. ಕುಟುಂಬದ ತಲೆ ಮೇಲೆ ಕೂತ ಸಾಲ ಮಾತ್ರ ಆ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ. ಅದು ಮುಂದಿನ ಇಪ್ಪತ್ತು ವರ್ಷದ ಕಂತುಗಳಲ್ಲಿ ಕಾಣುತ್ತದೆ.

ನಗರಕ್ಕೂ ಇದೇ ಮಾತು. ಸೇತುವೆ ಕಟ್ಟಿದ ವರ್ಷ ಜಿಡಿಪಿ ಏರುತ್ತದೆ. ಆ ಸೇತುವೆ ಮೇಲೆ ದಿನಕ್ಕೆ ಸಾವಿರಾರು ಲಾರಿ ಓಡಿದರೂ ಅಷ್ಟೇ, ಒಂದೂ ಓಡದಿದ್ದರೂ ಅಷ್ಟೇ. ಕಟ್ಟಿದ ವರ್ಷದ ಅಂಕಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಳಕೆಗೆ ಬಂದರೆ ಮುಂದೆ ಸಾಗಣೆ ಖರ್ಚು ಇಳಿಯುತ್ತದೆ, ಕಾರ್ಖಾನೆ ಬರುತ್ತವೆ, ತೆರಿಗೆ ಬರುತ್ತದೆ. ಬಳಕೆಗೆ ಬಾರದಿದ್ದರೆ ಬಡ್ಡಿ ಮತ್ತು ರಿಪೇರಿ ಖರ್ಚು ಮಾತ್ರ ಉಳಿಯುತ್ತದೆ.

ಇನ್ನೊಂದು ತೊಡಕು ಇದೆ. ಚೀನಾದ ನಗರಗಳು ಹೇಳುವ 'ಸ್ಥಿರ ಆಸ್ತಿ ಹೂಡಿಕೆ' (ಕಟ್ಟಡ, ರಸ್ತೆ, ಯಂತ್ರಗಳಿಗೆ ಹಾಕಿದ ಹಣ) ಎಂಬ ಅಂಕಿಯಲ್ಲಿ ಜಮೀನು ಕೊಳ್ಳಲು ಕೊಟ್ಟ ಹಣವೂ ಸೇರಿರುತ್ತದೆ. ಜಮೀನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದರೆ ಹೊಸದಾಗಿ ಏನೂ ಉತ್ಪಾದನೆ ಆಗುವುದಿಲ್ಲ ಅಲ್ವಾ? ಹಾಗಾಗಿ ಜಿಡಿಪಿ ಆ ಹಣವನ್ನು ಎಣಿಸುವುದಿಲ್ಲ. ಜಮೀನಿನ ಬೆಲೆ ಏರುತ್ತಿದ್ದ ಕಾಲದಲ್ಲಿ ಹೂಡಿಕೆಯ ಅಂಕಿ ಉಬ್ಬಿತ್ತು. ಬೆಲೆ ಇಳಿದಾಗ ಜಿಡಿಪಿ ಏರುತ್ತಿದ್ದರೂ ಅದು ಸೊರಗಿತು.

ಚಾಂಗ್‌ಚಿಂಗ್ ಮುಂದೆ ಹೋದದ್ದು ಕಾರುಗಳಿಂದ

2024ರಲ್ಲಿ ಎರಡೂ ನಗರಗಳ ಹೂಡಿಕೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ವ್ಯತ್ಯಾಸ ಬಂದದ್ದು ಕಾರ್ಖಾನೆಗಳಲ್ಲಿ. ಚಾಂಗ್‌ಚಿಂಗ್ ಆ ವರ್ಷ 25 ಲಕ್ಷಕ್ಕೂ ಹೆಚ್ಚು ವಾಹನ ತಯಾರಿಸಿತು. ಅದರಲ್ಲಿ ಸುಮಾರು 9.5 ಲಕ್ಷ ವಿದ್ಯುತ್ ಮತ್ತು ಹೈಬ್ರಿಡ್ ವಾಹನಗಳು. ಚಾಂಗಾನ್ ಮತ್ತು ಸೆರೆಸ್ ಎಂಬ ಅಲ್ಲಿನ ಕಂಪನಿಗಳು ಈ ಅಲೆಯ ಮೇಲೆ ಕೂತಿದ್ದವು.

ಗುವಾಂಗ್‌ಝೌ ಹಳೆಯ ಅಲೆಯಲ್ಲಿ ಸಿಕ್ಕಿಕೊಂಡಿತ್ತು. ಅದರ ವಾಹನ ಉದ್ಯಮ ಹೋಂಡಾ ಮತ್ತು ಟೊಯೋಟಾ ಜೊತೆಗಿನ ಜಂಟಿ ಕಂಪನಿಗಳನ್ನು ನಂಬಿತ್ತು. ಚೀನಾದ ಗಿರಾಕಿಗಳು ಪೆಟ್ರೋಲ್ ಕಾರು ಬಿಟ್ಟು ವಿದ್ಯುತ್ ಕಾರಿಗೆ ತಿರುಗಿದಂತೆ ಅವುಗಳ ಮಾರಾಟ ಬಿತ್ತು. 2024ರಲ್ಲಿ ಅಲ್ಲಿನ ಹೋಂಡಾ ಜಂಟಿ ಕಂಪನಿ ಒಂದು ಘಟಕವನ್ನೇ ಮುಚ್ಚಿತು. ನಗರದ ಕೈಗಾರಿಕಾ ಉತ್ಪಾದನೆ ಶೇ 3ರಷ್ಟು ಇಳಿಯಿತು.

ಹಾಗಂತ ಚಾಂಗ್‌ಚಿಂಗ್ ಶ್ರೀಮಂತವಾಯಿತು, ಗುವಾಂಗ್‌ಝೌ ಬಡವಾಯಿತು ಎಂದು ಓದಿದರೆ ಅದೂ ತಪ್ಪೇ. ಚಾಂಗ್‌ಚಿಂಗ್ ಹೆಸರಿಗೆ ನಗರ. ವಿಸ್ತೀರ್ಣ 82,000 ಚದರ ಕಿ.ಮೀ. ಮೀರುತ್ತದೆ, ಹೆಚ್ಚುಕಡಿಮೆ ಆಸ್ಟ್ರಿಯಾ ದೇಶದಷ್ಟು. ಜನ ಸುಮಾರು 3.2 ಕೋಟಿ. ಅದರೊಳಗೆ ಹಳ್ಳಿಗಳಿವೆ, ಗುಡ್ಡಗಾಡಿದೆ. ಗುವಾಂಗ್‌ಝೌ ಸುಮಾರು 7,400 ಚದರ ಕಿ.ಮೀ., ಜನ 1.9 ಕೋಟಿಯ ಆಸುಪಾಸು. ತಲಾ ಲೆಕ್ಕ ಹಾಕಿದರೆ ಗುವಾಂಗ್‌ಝೌ ಈಗಲೂ ತುಂಬಾ ಮುಂದಿದೆ. 'ಯಾರು ಯಾರನ್ನು ಹಿಂದಿಕ್ಕಿದರು' ಎಂಬ ಶೀರ್ಷಿಕೆಗಳು ಓದಲು ಮಜಾ ಕೊಡುತ್ತವೆ, ತಿಳಿಸುವುದು ಕಡಿಮೆ.

ನಗರಗಳು ಜಮೀನು ಮಾರಲು ಶುರು ಮಾಡಿದ್ದು ಯಾಕೆ

ಇಷ್ಟೊಂದು ಕಟ್ಟಲು ದುಡ್ಡು ಬಂದದ್ದು ಎಲ್ಲಿಂದ? ಇದಕ್ಕೆ 1994ಕ್ಕೆ ಹೋಗಬೇಕು.

ಆ ವರ್ಷ ಬೀಜಿಂಗ್, ಅಂದರೆ ಕೇಂದ್ರ ಸರ್ಕಾರ, ತೆರಿಗೆ ಹಂಚಿಕೆಯನ್ನು ಬದಲಿಸಿತು. 1993ರಲ್ಲಿ ದೇಶದ ಒಟ್ಟು ಸರ್ಕಾರಿ ಆದಾಯದಲ್ಲಿ ಕೇಂದ್ರದ ಪಾಲು ಶೇ 22 ಇತ್ತು. ಮರುವರ್ಷವೇ ಅದು ಶೇ 55 ದಾಟಿತು. ಆದಾಯ ಮೇಲಕ್ಕೆ ಹೋಯಿತು. ಶಾಲೆ, ಆಸ್ಪತ್ರೆ, ರಸ್ತೆ, ಪಿಂಚಣಿಯ ಹೊಣೆ ಮಾತ್ರ ಬಹುಪಾಲು ಕೆಳಗೇ ಉಳಿಯಿತು. ಕೇಂದ್ರದಿಂದ ಅನುದಾನ ವಾಪಸ್ ಬರುತ್ತಿತ್ತು, ನಿಜ. ಆದರೆ ಅದು ಸಾಲುತ್ತಿರಲಿಲ್ಲ. ಅದರ ಮೇಲೆ, ಸ್ಥಳೀಯ ಸರ್ಕಾರಗಳು ನೇರವಾಗಿ ಸಾಲ ಎತ್ತುವಂತಿಲ್ಲ ಎಂದು ಅದೇ ವರ್ಷದ ಬಜೆಟ್ ಕಾನೂನು ಹೇಳಿತು.

ನಗರಗಳ ಕೈಯಲ್ಲಿ ಇದ್ದದ್ದು ಒಂದೇ ಆಸ್ತಿ, ಜಮೀನು. ಚೀನಾದಲ್ಲಿ ನಗರದ ಜಮೀನು ಸರ್ಕಾರದ್ದು. ಬಳಕೆಯ ಹಕ್ಕನ್ನು ಮಾತ್ರ ಮಾರಬಹುದು, ವಸತಿಗಾದರೆ 70 ವರ್ಷಕ್ಕೆ. ಈ ಹಕ್ಕನ್ನು ಬಿಲ್ಡರ್‌ಗಳಿಗೆ ಮಾರಿದ ಹಣ ನಗರಕ್ಕೇ ಉಳಿಯುತ್ತಿತ್ತು. ಜೊತೆಗೆ ನಗರಗಳು ತಮ್ಮದೇ ಕಂಪನಿಗಳನ್ನು ಹುಟ್ಟುಹಾಕಿದವು. ಆ ಕಂಪನಿಗೆ ಜಮೀನು ಕೊಡುವುದು, ಅದು ಬ್ಯಾಂಕಿನಲ್ಲಿ ಜಮೀನು ಅಡ ಇಟ್ಟು ಸಾಲ ತೆಗೆಯುವುದು, ಆ ಸಾಲದಲ್ಲಿ ರಸ್ತೆ, ಮೆಟ್ರೊ ಕಟ್ಟುವುದು. ಹೀಗೆ ನಡೆಯಿತು ವ್ಯವಹಾರ. ಕಾಗದದ ಮೇಲೆ ಇದು ನಗರದ ಸಾಲ ಅಲ್ಲ, ಕಂಪನಿಯ ಸಾಲ. ಬ್ಯಾಂಕಿಗೂ ಗೊತ್ತು, ಕಂಪನಿಗೂ ಗೊತ್ತು, ಮುಳುಗಿದರೆ ಸರ್ಕಾರ ಬರುತ್ತದೆ ಎಂದು. ಇದನ್ನೇ ಈಗ 'ಮರೆಯ ಸಾಲ' ಎನ್ನುತ್ತಾರೆ.

ರಸ್ತೆ ಬಂದರೆ ಸುತ್ತಲಿನ ಜಮೀನಿಗೆ ಬೆಲೆ ಬರುತ್ತದೆ. ಬೆಲೆ ಬಂದರೆ ಇನ್ನಷ್ಟು ಜಮೀನು ಮಾರಬಹುದು, ಇನ್ನಷ್ಟು ಸಾಲ ಸಿಗುತ್ತದೆ, ಇನ್ನಷ್ಟು ರಸ್ತೆ ಆಗುತ್ತದೆ. ಜಮೀನಿನ ಬೆಲೆ ಏರುತ್ತಿರುವ ತನಕ ಈ ಚಕ್ರ ಚೆನ್ನಾಗಿಯೇ ತಿರುಗಿತು. 2008ರ ಜಾಗತಿಕ ಬಿಕ್ಕಟ್ಟಿನ ಹೊತ್ತಿಗೆ ಬೀಜಿಂಗ್ 4 ಲಕ್ಷ ಕೋಟಿ ಯುವಾನ್‌ನ ಖರ್ಚಿನ ಯೋಜನೆ ಘೋಷಿಸಿತು. ಅದರಲ್ಲಿ ಕೇಂದ್ರ ಕೊಟ್ಟದ್ದು ಸುಮಾರು 1.18 ಲಕ್ಷ ಕೋಟಿ. ಉಳಿದದ್ದನ್ನು ಹೊಂದಿಸಿಕೊಳ್ಳಿ ಎಂಬ ಸಂದೇಶ ಕೆಳಗೆ ಹೋಯಿತು. ಚಕ್ರದ ವೇಗ ಹೆಚ್ಚಿದ್ದೇ ಆಗ.

ಈ ವ್ಯವಸ್ಥೆಯನ್ನು ಪೂರ್ತಿ ಹಳಿಯುವುದೂ ಸರಿಯಲ್ಲ. 1993ರಲ್ಲಿ ಮೊದಲ ಮೆಟ್ರೊ ಓಡಿಸಿದ ಶಾಂಘೈ ಈಗ 800 ಕಿ.ಮೀ.ಗೂ ಹೆಚ್ಚು ಉದ್ದದ ಜಾಲ ಹೊಂದಿದೆ. ತೆರಿಗೆ ಹಣ ಒಟ್ಟಾಗಲಿ ಎಂದು ಕಾಯುತ್ತಾ ಕೂತಿದ್ದರೆ ಅದು ಆಗುತ್ತಿರಲಿಲ್ಲ.

ಅಧಿಕಾರಿಯ ಲೆಕ್ಕ, ನಗರದ ಲೆಕ್ಕ

ಅಗತ್ಯಕ್ಕಿಂತ ಜಾಸ್ತಿ ಕಟ್ಟಿದ್ದು ಯಾಕೆ ಎಂಬುದಕ್ಕೆ ಹಣದ ಆಚೆಗೂ ಒಂದು ಕಾರಣ ಇದೆ. ಪೀಕಿಂಗ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಝೌ ಲಿಆನ್ ಇದನ್ನು ಬಡ್ತಿಯ ಪಂದ್ಯಾವಳಿ ಎಂದು ವಿವರಿಸಿದ್ದಾರೆ. ನಗರದ ಮುಖ್ಯಸ್ಥರನ್ನು ಮೇಲಿನವರು ನೇಮಿಸುತ್ತಾರೆ. ಅಕ್ಕಪಕ್ಕದ ನಗರಗಳಿಗಿಂತ ಹೆಚ್ಚು ಬೆಳವಣಿಗೆ ತೋರಿಸಿದವರಿಗೆ ಬಡ್ತಿ ಸಿಗುವ ಸಾಧ್ಯತೆ ಜಾಸ್ತಿ. ಕೆಲವೇ ವರ್ಷ ಒಂದು ಊರಿನಲ್ಲಿ ಇರುವವರಿಗೆ ಇಪ್ಪತ್ತು ವರ್ಷದ ಕಂತಿನ ಚಿಂತೆ ಎಲ್ಲಿಂದ ಬರಬೇಕು? ಕಟ್ಟಿದ್ದರ ಹೆಸರು ಅವರಿಗೆ, ಸಾಲ ಮುಂದೆ ಬರುವವರಿಗೆ.

ಗುಯಿಝೌ ಪ್ರಾಂತ್ಯದ ಲಿಯುಪಾನ್‌ಶುಯಿ ನಗರ ಇದಕ್ಕೆ ಉದಾಹರಣೆಯಾಗಿ 2024ರ ಜನವರಿಯಲ್ಲಿ ಸರ್ಕಾರಿ ಟೀವಿಯ ಭ್ರಷ್ಟಾಚಾರ ವಿರೋಧಿ ಸಾಕ್ಷ್ಯಚಿತ್ರದಲ್ಲೇ ಬಂತು. ಅಲ್ಲಿ ಕೈಗೆತ್ತಿಕೊಂಡ 23 ಪ್ರವಾಸೋದ್ಯಮ ಯೋಜನೆಗಳಲ್ಲಿ 16 ಹಾಳು ಬಿದ್ದಿದ್ದವು ಅಥವಾ ಲಾಭಕ್ಕೆ ಬಾರದೆ ಕೂತಿದ್ದವು. ಅಲ್ಲಿನ ಆಗಿನ ಮುಖ್ಯಸ್ಥರ ಅವಧಿಯಲ್ಲಿ ನಗರದ ಮೇಲೆ ಏರಿದ ಸಾಲ ಸುಮಾರು 15,000 ಕೋಟಿ ಯುವಾನ್ ಎಂದು ತನಿಖೆ ಹೇಳಿತು.

ಪಂದ್ಯ ಬಿಗಿಯಾದಾಗ ಅಂಕಿಗಳನ್ನೇ ತಿದ್ದಿದ್ದೂ ಉಂಟು. 2011ರಿಂದ 2014ರವರೆಗೆ ಸರ್ಕಾರಿ ಆದಾಯದ ಲೆಕ್ಕ ಉಬ್ಬಿಸಿದ್ದೆವು ಎಂದು ಲಿಯಾವ್‌ನಿಂಗ್ ಪ್ರಾಂತ್ಯ 2017ರಲ್ಲಿ ಒಪ್ಪಿಕೊಂಡಿತು. ಟಿಯಾಂಜಿನ್‌ನ ಬಿನ್‌ಹೈ ಹೊಸ ಪ್ರದೇಶ ತನ್ನ 2016ರ ಜಿಡಿಪಿಯನ್ನು 1 ಲಕ್ಷ ಕೋಟಿ ಯುವಾನ್‌ನಿಂದ ಸುಮಾರು 66,500 ಕೋಟಿಗೆ ಇಳಿಸಿತು. ಮೂರನೇ ಒಂದು ಭಾಗ ಗಾಳಿಗೆ! ಇದಾದ ಮೇಲೆ ಪ್ರಾಂತ್ಯಗಳ ಜಿಡಿಪಿಯನ್ನು ರಾಷ್ಟ್ರೀಯ ಅಂಕಿಅಂಶ ಕಚೇರಿಯೇ ಲೆಕ್ಕ ಹಾಕುವ ಪದ್ಧತಿ ಬಂತು. ಹಾಗಾಗಿ ಈಗಿನ ಅಂಕಿಗಳು ಹಿಂದಿಗಿಂತ ನಂಬಿಕೆಗೆ ಹತ್ತಿರ. ಆದರೆ ನಂಬಬಹುದಾದ ಜಿಡಿಪಿ ಕೂಡ ಸಾಲದ ಬಗ್ಗೆ ಏನೂ ಹೇಳುವುದಿಲ್ಲ.

ಚಕ್ರ ನಿಂತದ್ದು

2020ರ ಆಗಸ್ಟ್‌ನಲ್ಲಿ ಬೀಜಿಂಗ್ ಬಿಲ್ಡರ್‌ಗಳ ಸಾಲಕ್ಕೆ 'ಮೂರು ಕೆಂಪು ಗೆರೆ' ಎಳೆಯಿತು. 2021ರ ಕೊನೆಗೆ ಎವರ್‌ಗ್ರಾಂಡ್ ಎಂಬ ದೊಡ್ಡ ಬಿಲ್ಡರ್ ಕಂಪನಿ ಸಾಲ ತೀರಿಸಲಾಗದೆ ಕೈಚೆಲ್ಲಿತು. ಬಿಲ್ಡರ್‌ಗಳಿಗೆ ಹಣ ಇಲ್ಲ ಎಂದರೆ ಜಮೀನು ಕೊಳ್ಳುವವರು ಇಲ್ಲ. 2021ರಲ್ಲಿ ದೇಶದ ಸ್ಥಳೀಯ ಸರ್ಕಾರಗಳಿಗೆ ಜಮೀನು ಮಾರಾಟದಿಂದ 8.7 ಲಕ್ಷ ಕೋಟಿ ಯುವಾನ್ ಬಂದಿತ್ತು. 2024ರಲ್ಲಿ ಬಂದದ್ದು ಸುಮಾರು 4.87 ಲಕ್ಷ ಕೋಟಿ. ಮೂರೇ ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ ಹೋಯಿತು. ನಡುವೆ ಕೆಲವು ನಗರಗಳ ಕಂಪನಿಗಳು ಸಾಲ ಮಾಡಿ ತಮ್ಮ ನಗರದ ಜಮೀನನ್ನೇ ಕೊಂಡವು. ಎಡಗೈಯಿಂದ ಬಲಗೈಗೆ ಕೊಟ್ಟು ಆದಾಯ ಎಂದು ಬರೆದುಕೊಂಡ ಹಾಗಾಯಿತು.

ಪರಿಣಾಮ ಸಣ್ಣ ಊರುಗಳಲ್ಲಿ ಮೊದಲು ಕಂಡಿತು. ಕಲ್ಲಿದ್ದಲು ಗಣಿಗಳ ಊರಾದ ಹೆಗಾಂಗ್ 2021ರ ಡಿಸೆಂಬರ್‌ನಲ್ಲಿ ಹಣಕಾಸು ಮರುಹೊಂದಾಣಿಕೆಯ ಕಾರಣ ಕೊಟ್ಟು ಸರ್ಕಾರಿ ನೇಮಕಾತಿಯನ್ನೇ ರದ್ದು ಮಾಡಿತು. 2022ರ ಕೊನೆಯಲ್ಲಿ ಝುನ್ಯಿ ನಗರದ ರಸ್ತೆ ಸೇತುವೆ ಕಂಪನಿ ಸುಮಾರು 1,560 ಕೋಟಿ ಯುವಾನ್ ಬ್ಯಾಂಕ್ ಸಾಲಕ್ಕೆ 20 ವರ್ಷದ ಹೊಸ ಗಡುವು ಪಡೆಯಿತು. ಮೊದಲ 10 ವರ್ಷ ಬಡ್ಡಿ ಮಾತ್ರ ಕಟ್ಟಿದರೆ ಸಾಕು ಎಂಬ ಷರತ್ತಿನ ಮೇಲೆ.

ಇಲ್ಲಿ ಓದುಗರನ್ನು ಗೊಂದಲಕ್ಕೆ ತಳ್ಳುವ ಇನ್ನೊಂದು ಅಂಶ ಇದೆ. ಸುದ್ದಿಯಲ್ಲಿ ಬರುವ ಬೆಳವಣಿಗೆ ದರ ಬೆಲೆಯ ಏರಿಳಿತವನ್ನು ತೆಗೆದುಹಾಕಿದ ಮೇಲಿನದು. 2024ರಲ್ಲಿ ಚೀನಾ ಈ ಲೆಕ್ಕದಲ್ಲಿ ಶೇ 5 ಬೆಳೆಯಿತು. ಆದರೆ ಬೆಲೆಗಳು ಇಳಿಯುತ್ತಿದ್ದುದರಿಂದ ಯುವಾನ್‌ನಲ್ಲಿ ಎಣಿಸಿದ ಏರಿಕೆ ಶೇ 4.2 ಮಾತ್ರ. ತೆರಿಗೆ ಬರುವುದು ಯುವಾನ್‌ನಲ್ಲಿ, ಸಾಲ ತೀರಿಸುವುದೂ ಯುವಾನ್‌ನಲ್ಲಿ. ಆ ವರ್ಷ ದೇಶದ ತೆರಿಗೆ ಆದಾಯ ಶೇ 3.4ರಷ್ಟು ಇಳಿಯಿತು. ಜಿಡಿಪಿ ಏರಿದರೂ ಖಜಾನೆ ಬಿಗಿಯಾಗುವುದು ಹೀಗೆ.

ಎರಡು ವಾದಗಳು

ಇನ್ನೂ ಕಟ್ಟಬೇಕು ಎನ್ನುವವರ ಪೈಕಿ ವಿಶ್ವಬ್ಯಾಂಕಿನ ಹಿಂದಿನ ಮುಖ್ಯ ಅರ್ಥಶಾಸ್ತ್ರಜ್ಞ ಜಸ್ಟಿನ್ ಯಿಫು ಲಿನ್ ಪ್ರಮುಖರು. ಚೀನಾ ತಲಾ ಲೆಕ್ಕದಲ್ಲಿ ಶ್ರೀಮಂತ ದೇಶಗಳಿಗಿಂತ ಇನ್ನೂ ಬಹಳ ಹಿಂದಿದೆ, ಹಾಗಾಗಿ ಹೂಡಿಕೆಗೂ ವೇಗದ ಬೆಳವಣಿಗೆಗೂ ಜಾಗ ಇದೆ ಎಂಬುದು ಅವರ ನಿಲುವು. ಈ ಕಡೆಯವರು ಇನ್ನೊಂದು ಮಾತು ಹೇಳುತ್ತಾರೆ. ಮೆಟ್ರೊ ಅಥವಾ ಸೇತುವೆಯ ಲಾಭವನ್ನು ಟಿಕೆಟ್ ಹಣದಲ್ಲಿ ಅಳೆಯಬಾರದು. 2025ರ ಸೆಪ್ಟೆಂಬರ್‌ನಲ್ಲಿ ಗುಯಿಝೌದಲ್ಲಿ ತೆರೆದ ಹುವಾಜಿಯಾಂಗ್ ಸೇತುವೆ ನದಿಯಿಂದ 625 ಮೀಟರ್ ಎತ್ತರದಲ್ಲಿದೆ, ಜಗತ್ತಿನಲ್ಲೇ ಅತಿ ಎತ್ತರದ್ದು. ಕಣಿವೆ ದಾಟಲು ಹಿಡಿಯುತ್ತಿದ್ದ ಸುಮಾರು ಎರಡು ಗಂಟೆಯನ್ನು ಅದು ಕೆಲವೇ ನಿಮಿಷಕ್ಕೆ ಇಳಿಸಿತು. ಗುಡ್ಡದ ಜನರಿಗೆ ಇದರ ಬೆಲೆ ಟೋಲ್ ರಸೀದಿಗಿಂತ ದೊಡ್ಡದು.

ಬೀಜಿಂಗ್‌ನಲ್ಲೇ ಕೂತು ಬರೆಯುವ ಅರ್ಥಶಾಸ್ತ್ರಜ್ಞ ಮೈಕೆಲ್ ಪೆಟ್ಟಿಸ್ ಎದುರು ವಾದದವರು. ಬೇರೆ ಕಡೆ ಜಿಡಿಪಿ ವರ್ಷದ ಕೊನೆಗೆ ಸಿಗುವ ಫಲಿತಾಂಶ, ಚೀನಾದಲ್ಲಿ ಅದು ವರ್ಷದ ಮೊದಲೇ ಬರೆದಿಟ್ಟ ಗುರಿ ಎನ್ನುತ್ತಾರೆ ಅವರು. ಗುರಿ ಮುಟ್ಟಲು ಕಡಿಮೆ ಬಿದ್ದರೆ ಸಾಲ ಮಾಡಿ ಕಟ್ಟುತ್ತಾರೆ. ಲಾಭಕ್ಕೆ ಬಾರದ ಕಟ್ಟಡವನ್ನೂ ಲೆಕ್ಕದಲ್ಲಿ ನಷ್ಟ ಎಂದು ತೋರಿಸುವುದಿಲ್ಲ. ಹಾಗಾಗಿ ಸಾಲ ಜಿಡಿಪಿಗಿಂತ ವೇಗವಾಗಿ ಬೆಳೆಯುತ್ತಾ ಹೋಗುತ್ತದೆ.

ಎರಡರಲ್ಲೂ ಹುರುಳಿದೆ. ಆದರೆ ಇಡೀ ದೇಶಕ್ಕೆ ಒಂದೇ ಉತ್ತರ ಹುಡುಕಿದರೆ ಸಿಗುವುದಿಲ್ಲ. ಶಾಂಘೈನ ಮೆಟ್ರೊಗೆ ಹೊಂದುವ ವಾದ, ಜನ ಖಾಲಿಯಾಗುತ್ತಿರುವ ಊರಿನ ಮೆಟ್ರೊಗೆ ಹೊಂದುವುದಿಲ್ಲ. ಬೀಜಿಂಗ್ ಕೂಡ ಇದನ್ನು ಒಪ್ಪಿದೆ. 2017ರಲ್ಲಿ ಬಾವೊಟೌ ನಗರದ ಮೆಟ್ರೊ ಕೆಲಸವನ್ನು ನಡುವಿನಲ್ಲೇ ನಿಲ್ಲಿಸಲಾಯಿತು. 2018ರಲ್ಲಿ ನಿಯಮ ಬಿಗಿಯಾಯಿತು. ಮೆಟ್ರೊ ಬೇಕೆನ್ನುವ ನಗರಕ್ಕೆ 30,000 ಕೋಟಿ ಯುವಾನ್ ಜಿಡಿಪಿ, 3,000 ಕೋಟಿ ಯುವಾನ್ ಬಜೆಟ್ ಆದಾಯ, ನಗರ ಭಾಗದಲ್ಲಿ 30 ಲಕ್ಷ ಜನ ಇರಬೇಕು. ಗಮನಿಸಿ, ಅಲ್ಲಿ ಆದಾಯವನ್ನು ಪ್ರತ್ಯೇಕವಾಗಿ ಕೇಳಿದ್ದಾರೆ.

ಹೆಫೈ ಹಿಡಿದ ದಾರಿ

ಹೆಫೈ ಕಥೆ ಇವೆರಡರ ನಡುವೆ ಬರುತ್ತದೆ. 2008ರಲ್ಲಿ ಈ ನಗರ ಬಿಒಇ ಎಂಬ ಪರದೆ ತಯಾರಿಸುವ ಕಂಪನಿಗೆ ದೊಡ್ಡ ಹಣ ಹಾಕಿತು. ಅದಕ್ಕಾಗಿ ಮೆಟ್ರೊ ಯೋಜನೆಯನ್ನೂ ಮುಂದಕ್ಕೆ ಹಾಕಿತು. 2020ರಲ್ಲಿ ಮುಳುಗುವ ಸ್ಥಿತಿಯಲ್ಲಿದ್ದ ನಿಯೊ ಎಂಬ ವಿದ್ಯುತ್ ಕಾರು ಕಂಪನಿಗೆ ಪಾಲುದಾರರ ಜೊತೆ ಸೇರಿ 700 ಕೋಟಿ ಯುವಾನ್ ಕೊಟ್ಟಿತು. ಕಾರ್ಖಾನೆಗಳು ಬಂದವು. ಅದೇ ವರ್ಷ ನಗರದ ಜಿಡಿಪಿ 1 ಲಕ್ಷ ಕೋಟಿ ಯುವಾನ್ ದಾಟಿತು.

ಇದನ್ನು ನೋಡಿ ಬೇರೆ ನಗರಗಳೂ ಬಂಡವಾಳ ಹಾಕಲು ಹೊರಟವು. ಎಲ್ಲರ ಕೈಯೂ ಹಿಡಿಯಲಿಲ್ಲ. ವುಹಾನ್‌ನಲ್ಲಿ 12,800 ಕೋಟಿ ಯುವಾನ್‌ನ ಯೋಜನೆ ಎಂದು ಹೇಳಿಕೊಂಡ ಎಚ್‌ಎಸ್‌ಎಂಸಿ ಚಿಪ್ ಕಂಪನಿ ಒಂದೂ ಚಿಪ್ ಮಾರದೆ ಮುಚ್ಚಿಹೋಯಿತು.

ಮುಂದೇನು

2025ರ ಅಂಕಿಗಳಲ್ಲಿ ಹೊಸ ಚಿತ್ರ ಇದೆ. ಮೊದಲ 11 ತಿಂಗಳಲ್ಲಿ ದೇಶದ ಸ್ಥಿರ ಆಸ್ತಿ ಹೂಡಿಕೆ ಶೇ 2.6ರಷ್ಟು ಇಳಿಯಿತು. ಮನೆ, ಕಟ್ಟಡಗಳ ಹೂಡಿಕೆಯಂತೂ ಶೇ 15.9ರಷ್ಟು ಕುಸಿಯಿತು. ಮೂಲಸೌಕರ್ಯವೂ ಸ್ವಲ್ಪ ಇಳಿಯಿತು. ಆದರೂ ಜಿಡಿಪಿ ಶೇ 5ರ ಗುರಿಯ ಹತ್ತಿರವೇ ಇತ್ತು. ಕಾರಣ ರಫ್ತು. ಅದೇ 11 ತಿಂಗಳಲ್ಲಿ ಚೀನಾದ ವ್ಯಾಪಾರ ಮಿಗತೆ (ಆಮದಿಗಿಂತ ರಫ್ತು ಹೆಚ್ಚಿದ್ದ ಮೊತ್ತ) 1 ಲಕ್ಷ ಕೋಟಿ ಡಾಲರ್ ದಾಟಿತು. ಕಟ್ಟಡದಿಂದ ಬರುತ್ತಿದ್ದ ಬೆಳವಣಿಗೆ ಈಗ ಹಡಗುಗಳಿಂದ ಬರುತ್ತಿದೆ. ರಫ್ತಿನ ಊರುಗಳಿಗೆ ಇದು ಒಳ್ಳೆಯ ಸುದ್ದಿ. ಜಮೀನು ಮತ್ತು ಕಾಮಗಾರಿಗಳನ್ನೇ ನಂಬಿದ ಒಳನಾಡಿನ ಸಣ್ಣ ನಗರಗಳಿಗೆ ಅಲ್ಲ. ಮುಂದಿನ ಜನವರಿಗಳಲ್ಲಿ ನಗರ ನಗರಗಳ ನಡುವಿನ ಅಂತರ ಹಿಗ್ಗುವ ಸಾಧ್ಯತೆಯೇ ಜಾಸ್ತಿ.

ಸಾಲದ ವಿಷಯದಲ್ಲಿ ಬೀಜಿಂಗ್ 2024ರ ನವೆಂಬರ್‌ನಲ್ಲಿ 10 ಲಕ್ಷ ಕೋಟಿ ಯುವಾನ್‌ನ ಯೋಜನೆ ತಂದಿತು. ಮರೆಯ ಸಾಲ 14.3 ಲಕ್ಷ ಕೋಟಿ ಇದೆ, ಅದನ್ನು 2028ರೊಳಗೆ 2.3 ಲಕ್ಷ ಕೋಟಿಗೆ ಇಳಿಸುತ್ತೇವೆ ಎಂಬುದು ಅಧಿಕೃತ ಲೆಕ್ಕ. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಪ್ರಕಾರ ನಗರಗಳ ಕಂಪನಿಗಳ ಒಟ್ಟು ಸಾಲ 60 ಲಕ್ಷ ಕೋಟಿಯ ಆಸುಪಾಸು. ಯಾವುದನ್ನು ಸರ್ಕಾರದ ಸಾಲ ಎಂದು ಎಣಿಸಬೇಕು ಎಂಬುದರಲ್ಲೇ ಇಬ್ಬರೂ ಬೇರೆಯಾಗುತ್ತಾರೆ.

ಈ ಯೋಜನೆಯಲ್ಲಿ ಸಾಲ ಮನ್ನಾ ಇಲ್ಲ. ಹೆಚ್ಚು ಬಡ್ಡಿಯ ಮರೆಯ ಸಾಲವನ್ನು ಕಡಿಮೆ ಬಡ್ಡಿಯ, ದೀರ್ಘ ಅವಧಿಯ ಸರ್ಕಾರಿ ಬಾಂಡ್‌ಗೆ ಬದಲಿಸುತ್ತಾರೆ, ಅಷ್ಟೇ. ಬಡ್ಡಿ ಉಳಿದರೆ ನಿಂತುಹೋದ ಸಂಬಳ, ಗುತ್ತಿಗೆದಾರರ ಬಾಕಿ ಕೊಡಲು ಸ್ವಲ್ಪ ಉಸಿರು ಸಿಗುತ್ತದೆ. ಅಸಲು ಹಾಗೇ ಇರುತ್ತದೆ. ಅದನ್ನು ತೀರಿಸಲು ಬೇಕಾದ ಹೊಸ ಆದಾಯ ಏನು? ಮನೆಗಳ ಮೇಲೆ ಆಸ್ತಿ ತೆರಿಗೆ ಹಾಕುವ ಮಾತು ವರ್ಷಗಳಿಂದ ಇದೆ. 2011ರಿಂದ ಪ್ರಯೋಗಕ್ಕೆ ಅಂತ ಅದು ಇರುವುದು ಶಾಂಘೈ ಮತ್ತು ಚಾಂಗ್‌ಚಿಂಗ್‌ನಲ್ಲಿ ಮಾತ್ರ, ಅದೂ ಕೆಲವು ಬಗೆಯ ಮನೆಗಳಿಗೆ. ಮನೆ ಬೆಲೆ ಬೀಳುತ್ತಿರುವಾಗ ಅದನ್ನು ದೇಶಕ್ಕೆಲ್ಲ ಹಬ್ಬಿಸುವ ಧೈರ್ಯ ಸದ್ಯಕ್ಕೆ ಕಾಣುತ್ತಿಲ್ಲ. ಇನ್ನೊಂದು ದಾರಿ, ತೆರಿಗೆಯಲ್ಲಿ ನಗರಗಳ ಪಾಲು ಹೆಚ್ಚಿಸುವುದು. 1994ರ ಹಂಚಿಕೆಯನ್ನು ಮತ್ತೆ ಮುಟ್ಟದೆ ಅದು ಆಗುವುದಿಲ್ಲ. ಮುಟ್ಟಿದರೆ ಕೇಂದ್ರದ ಕೈಯಿಂದ ಹಣ ಹೋಗುತ್ತದೆ.